ಒಸರುವ ಮಡಕೆಯ ಕರೆಂಟು

ಹೇಳಿದ ರೇಟಿಗೆ ತುಟಿಪಿಟಕ್ಕೆನ್ನದೆ ಒಪ್ಪಿಕೊಳ್ಳುವ ಗಿರಾಕಿಯನ್ನು ಕಂಡರೆ ನನಗೆ ಅನುಮಾನ. ಒಂದೋ ಆ ವಸ್ತುವಿನ ಬೆಲೆ ಅವರಿಗೆ ಗೊತ್ತಿರುವುದಿಲ್ಲ, ಇಲ್ಲವೇ ನನಗೆ ಗೊತ್ತಿರುವುದಿಲ್ಲ. ಎರಡು ಸಾವಿರದ ಆರೇಳರ ಸುಮಾರಿನ ಬೇಸಿಗೆಯಲ್ಲಿ ಭದ್ರಾವತಿಯ ನನ್ನ ಗುಜರಿ ಅಂಗಡಿಗೆ ಬಂದ ಮೇಡಂ ಅಂಥ ಗಿರಾಕಿ. ಹಳೇ ಲಾರಿ ಬ್ಯಾಟರಿಗಳ ರಾಶಿ ದಾಟಿ ನೇರ ಒಳಗೆ ಬಂದು, ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿದ್ದ ಗ್ರಾಫೈಟ್ ತುಂಡುಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಉಕ್ಕು ಕರಗಿಸುವ ಕುಲುಮೆಗಳಲ್ಲಿ ಉರಿದು ಗಿಡ್ಡವಾಗಿ, ಕೊನೆಗೆ ನಮ್ಮಂಥವರ ಕೈಗೆ ಬರುವ ಕಪ್ಪು ಕಂಬಗಳು ಅವು. ಮಸಿ ಹತ್ತಿದ ಬೆರಳನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗದೆ, ಇವನ್ನು ಸಲಾಕೆಗಳಾಗಿ, ತೆಳು ಹಲಗೆಗಳಾಗಿ ಕೊಯ್ದು ಕೊಡಲಾಗುತ್ತದೆಯೇ ಎಂದು ಕೇಳಿದರು. ನಾನು ಬಾಯಿಗೆ ಬಂದ ರೇಟು ಹೇಳಿದೆ. ಆಗಲಿ ಅಂದರು.

ನಾನು ಕೊಡಲಿಲ್ಲ. ಏತಕ್ಕೆ ಅಂತ ಹೇಳಿದರೆ ಮಾತ್ರ ಕೊಡುತ್ತೇನೆ ಅಂದೆ.

ಅವರು ಶಿವಮೊಗ್ಗದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವರು. ಮನೆ ವಿನೋಬನಗರದಲ್ಲಿ. ಪಾಠದ ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದರು. ಕುಸುಬಲಕ್ಕಿ ಮಾಡಲು ರೈಸ್ ಮಿಲ್ಲಿನಲ್ಲಿ ಭತ್ತವನ್ನು ಬಿಸಿನೀರಲ್ಲಿ ನೆನೆಹಾಕುತ್ತಾರಲ್ಲ, ಆಮೇಲೆ ಚರಂಡಿಗೆ ಬಿಡುವ ಆ ಗಬ್ಬು ನೀರಿನಿಂದ ಕರೆಂಟು ತೆಗೆಯುವುದು ಅವರ ವಿಷಯ. ನನಗೆ ನಗು ಬಂತು. ಅವರು ನಗಲಿಲ್ಲ.

“ಆ ನೀರಲ್ಲಿ ಗಂಜಿ, ಸಕ್ಕರೆ ಅಂಶ ಎಲ್ಲ ಇರತ್ತೆ. ಬ್ಯಾಕ್ಟೀರಿಯಾ ಅದನ್ನ ತಿನ್ನುತ್ವೆ. ತಿಂದ ಮೇಲೆ ಅವುಗಳ ಹತ್ರ ಎಲೆಕ್ಟ್ರಾನ್ ಉಳಿಯತ್ತೆ. ಗಾಳಿ ಸಿಕ್ಕಿದ್ರೆ ಗಾಳಿಗೆ ಕೊಟ್ಟುಬಿಡ್ತಾವೆ. ನಾವು ಗಾಳಿ ಬಿಡಲ್ಲ, ಗ್ರಾಫೈಟ್ ಇಡ್ತೀವಿ.”

“ಅಂದ್ರೆ ಬೇರೆ ದಾರಿ ಇಲ್ದೆ ಅದಕ್ಕೇ ಕೊಡ್ತಾವೆ.”

“ಹೂಂ. ನೀವೂ ಹಾಗೇ ತಾನೆ ವ್ಯಾಪಾರ ಮಾಡೋದು?”

ಆ ಮಾತಿಗೆ ನಾನು ಬಿದ್ದುಹೋದೆ. ಸ್ಟೂಲು ಎಳೆದು ಕೂರಿಸಿ ಟೀ ತರಿಸಿದೆ. ಅವರು ಅಂಗಡಿಯ ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ಚಿತ್ರ ಬರೆದರು. ಒಳಗೊಂದು ಪಾತ್ರೆ, ಅದರಲ್ಲಿ ಕೊಳೆನೀರು, ಬ್ಯಾಕ್ಟೀರಿಯಾ, ಒಂದು ಗ್ರಾಫೈಟ್. ಹೊರಗೊಂದು ಪಾತ್ರೆ, ಅದರಲ್ಲಿ ಉಪ್ಪುನೀರು, ಗಾಳಿಗೆ ಮೈ ಒಡ್ಡಿದ ಇನ್ನೊಂದು ಗ್ರಾಫೈಟ್. ಎರಡರ ನಡುವೆ ವೈರು. ಹಳೇ ಬ್ಯಾಟರಿ ಕೊಂಡು ಮಾರುವ ನನಗೆ ಅದರ ತಲೆಬುಡ ತಕ್ಷಣ ಹೊಳೆಯಿತು. ಸೀಸದ ಬದಲು ಗ್ರಾಫೈಟು, ಆ್ಯಸಿಡ್ಡಿನ ಬದಲು ಭತ್ತದ ನೀರು. ಊಟ ಹಾಕುತ್ತಿದ್ದಷ್ಟು ದಿನ ಚಾರ್ಜ್ ಮಾಡದೆ ನಡೆಯುವ ಬ್ಯಾಟರಿ. ಅವತ್ತು ಮಧ್ಯಾಹ್ನ ಬಂದ ಇಬ್ಬರು ಗಿರಾಕಿಗಳಿಗೆ ನಾನೇನು ಮಾರಿದೆ ಅನ್ನುವುದೇ ನೆನಪಿಲ್ಲ.

ಮೇಡಂಗೆ ತೊಂದರೆಯಿದ್ದುದು ಅವರ ಗೈಡ್ ಕಡೆಯಿಂದ. ಕಾಲೇಜಿನ ಲ್ಯಾಬಿನಲ್ಲಿ ಅವರು ಇದನ್ನು ಮಾಡಿ ತೋರಿಸಿದ್ದರು. ಅಲ್ಲಿ ಎರಡು ಪಾತ್ರೆಗಳ ನಡುವೆ ವಿದೇಶದಿಂದ ತರಿಸಿದ ಅಂಗೈಯಗಲದ ಒಂದು ಹಾಳೆ ಇತ್ತು. ಕೊಳೆನೀರನ್ನು ತಡೆದು, ವಿದ್ಯುತ್ತಿನ ಲೆಕ್ಕ ಸರಿದೂಗಿಸುವ ಕಣಗಳನ್ನು ಮಾತ್ರ ಆಚೆ ಬಿಡುವುದು ಆ ಹಾಳೆಯ ಕೆಲಸ. ಗೈಡ್ ಅದನ್ನು ನೋಡಿ, ಇಷ್ಟು ದುಬಾರಿ ಹಾಳೆ ಹಾಕಿದರೆ ಯಾವ ಮಿಲ್ಲಿನವರು ಮಾಡಿಯಾರು ಅಂದರಂತೆ. ಊರಲ್ಲಿ ಸಿಗುವ ಸಾಮಾನಿನಿಂದ, ಮಿಲ್ಲಿನ ಚರಂಡಿ ಪಕ್ಕದಲ್ಲೇ ಮಾಡಬೇಕು. ತಾನು ತನ್ನ ಮನೆಯ ಗೋಡೆ ಗಡಿಯಾರ ತಂದು ಅದಕ್ಕೆ ಕಟ್ಟುತ್ತೇನೆ, ಒಂದು ವಾರ ಬಿಟ್ಟು ಬಂದಾಗ ಅದು ಸರಿಯಾದ ಸಮಯ ತೋರಿಸುತ್ತಿರಬೇಕು. ತೋರಿಸಿದರೆ ವಿಷಯ ಮುಂದುವರಿಯುತ್ತದೆ. ಇಲ್ಲವೆಂದರೆ ಬೇರೆ ವಿಷಯ, ಮತ್ತೆ ಮೊದಲಿನಿಂದ. ಕ್ವಾರ್ಟ್ಜ್ ಗಡಿಯಾರ ನಿಧಾನವಾಗುವುದಿಲ್ಲ, ನಿಂತೇ ಹೋಗುತ್ತದೆ. ಎಲ್ಲೋ ಒಂದು ಗಳಿಗೆ ಕರೆಂಟು ತಪ್ಪಿದರೂ ಮುಳ್ಳು ಹಿಂದೆ ಬಿದ್ದು ಗುಟ್ಟು ರಟ್ಟಾಗುತ್ತದೆ. ಆ ಗೈಡ್ ನನ್ನ ಕಸುಬಿನಲ್ಲಿದ್ದಿದ್ದರೆ ಚೆನ್ನಾಗಿ ಸಂಪಾದಿಸುತ್ತಿದ್ದರು ಅಂದುಕೊಂಡೆ.

ಹಾಳೆಯ ಬದಲು ಮಣ್ಣಿನ ಮಡಕೆ ನಡೆಯಬಹುದು ಎಂದು ಮೇಡಂ ಎಲ್ಲೋ ಓದಿದ್ದರು. ಮಡಕೆಯ ಗೋಡೆಯೇ ಹಾಳೆ. ಆದರೆ ಅವರಿಗೆ ಜಾಗ ಕೊಡುವ ಮಿಲ್ಲು ಸಿಕ್ಕಿರಲಿಲ್ಲ. ಅದನ್ನು ನನಗೆ ಬಿಡಿ ಅಂದೆ. ಗ್ರಾಫೈಟ್ ಮಾರುವುದಿಲ್ಲ, ಎರವಲು ಕೊಡುತ್ತೇನೆ, ನನ್ನನ್ನೂ ಕೆಲಸಕ್ಕೆ ಸೇರಿಸಿಕೊಳ್ಳಿ, ಇದೇ ನನ್ನ ರೇಟು ಅಂದೆ. ಮೇಡಂ ಜೀವನದಲ್ಲಿ ಮೊದಲ ಸಲ ಚೌಕಾಸಿಗೆ ಇಳಿದರು. ಸೇರಿಸಿಕೊಳ್ಳುತ್ತೇನೆ, ಆದರೆ ನನ್ನನ್ನು ಕೇಳದೆ ಯಾವುದನ್ನೂ ಮುಟ್ಟಬಾರದು ಅಂದರು.

ಭದ್ರಾವತಿಯ ಹೊರವಲಯದಲ್ಲಿ ನನಗೆ ಪರಿಚಯದ ಒಂದು ರೈಸ್ ಮಿಲ್ಲಿತ್ತು. ಅದರ ಯಜಮಾನರು ಗುಂಡಿನಂಥ ಮನುಷ್ಯ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಇಂಥವರ ಹತ್ತಿರ ಏನನ್ನಾದರೂ ಕೇಳುವಾಗ ನೀವು ನಿಮ್ಮ ಅಗತ್ಯ ಹೇಳಬಾರದು, ಅವರ ಕಿರಿಕಿರಿಯಿಂದ ಶುರುಮಾಡಬೇಕು. ಚರಂಡಿ ವಾಸನೆ ಅಂತ ಪಕ್ಕದ ಬೀದಿಯವರು ಇನ್ನೂ ಗಲಾಟೆ ಮಾಡುತ್ತಿದ್ದಾರಾ ಅಂತ ವಿಚಾರಿಸಿದೆ. ಅವರು ಕಾಲುಗಂಟೆ ಬೈದರು. ಆಮೇಲೆ ಮೇಡಂ ಕಡೆ ಕೈ ತೋರಿಸಿ, ಇವರು ಆ ನೀರನ್ನೇ ಓದುತ್ತಿದ್ದಾರೆ ಅಂದೆ.

“ಆ ನೀರಲ್ಲಿ ಓದೋಕೆ ಏನೈತಯ್ಯಾ?”

“ಯಜಮಾನ್ರೇ, ನಾಳೆ ಯಾರಾದ್ರೂ ದೂರು ಹಿಡ್ಕೊಂಡು ಬಂದ್ರೆ ‘ನಮ್ಮಲ್ಲಿ ಸಂಶೋಧನೆ ನಡೀತಿದೆ’ ಅಂತ ನೀವು ಹೇಳ್ಬಹುದಲ್ಲ. ಆ ಮಾತಿಗೆ ಬೆಲೆ ಇಲ್ವಾ?”

ಅವರು ಎಲೆಯಡಿಕೆ ಉಗಿದು ಬಂದು, ನೆನೆಹಾಕುವ ತೊಟ್ಟಿಯ ಪಕ್ಕದ ತಗಡಿನ ಚಪ್ಪರ ತೋರಿಸಿದರು. ಗಡಿಯಾರಕ್ಕೆ ಗೋಡೆಯ ಮೊಳೆಯನ್ನೂ ಅವರೇ ಹೊಡೆಸಿಕೊಟ್ಟರು.

ಮಡಕೆ ಕೊಳ್ಳಲು ಮೇಡಂ ಜೊತೆ ಕುಂಸಿ ಕಡೆಗೆ ಹೋದೆ. ಮಡಕೆ ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಬೆರಳಗಂಟಿನಿಂದ ತಟ್ಟಿ, ಕಂಚಿನ ಹಾಗೆ ಟಣ್ಣೆಂದರೆ ಚೆನ್ನಾಗಿ ಬೆಂದಿದೆ ಎಂದು ಅರ್ಥ, ದೊಪ್ಪೆಂದರೆ ಬೆಂದಿಲ್ಲ. ಕುಂಬಾರ ಒಂದು ಕಡೆ ಪೇರಿಸಿಟ್ಟಿದ್ದ ಮಬ್ಬು ಬಣ್ಣದ ಮಡಕೆಗಳನ್ನು ಅಗ್ಗಕ್ಕೆ ಕೊಡುತ್ತೇನೆಂದ. ಗೂಡಿನ ಅಂಚಿನಲ್ಲಿದ್ದು ಬೆಂಕಿ ಸರಿಯಾಗಿ ತಾಗದೆ ಉಳಿದವು ಅವು, ನೀರು ಹಾಕಿದರೆ ಒಸರುತ್ತವೆ. ಇದನ್ನು ಯಾರಿಗಾದರೂ ತಿಳಿಯದವರಿಗೆ ಮಾರು ಅಂತ ಅವನನ್ನು ಗದರಿಸಿ, ಟಣ್ಣೆನ್ನುವ ನಾಲ್ಕನ್ನು ಆರಿಸಿದೆ. ಮೇಲೆ ಒಂದನ್ನು ಕೊಸರಿಗೆ ಹಾಕಿಸಿಕೊಂಡೆ. ಮೇಡಂ ನನ್ನ ಕೈಚಳಕವನ್ನು ಮೆಚ್ಚುಗಣ್ಣಿನಿಂದ ನೋಡುತ್ತಿದ್ದರು.

ಮಡಕೆಗಳನ್ನು ನಮ್ಮ ಮನೆಯಲ್ಲಿ ಇಳಿಸಿದ್ದೇ ತಡ, ಅಕ್ಕ ಸೆರಗು ಸಿಕ್ಕಿಸಿಕೊಂಡಳು. ಹೊಸ ಮಡಕೆಯನ್ನು ಪಳಗಿಸದೆ ಬಳಸುವ ಮನೆ ನಮ್ಮ ಕಡೆ ಎಲ್ಲಿದೆ? ಅಕ್ಕಿ ತೊಳೆದ ಅಕ್ಕಚ್ಚು ತುಂಬಿಸಿ ಒಲೆಯ ಮೇಲೆ ಕುದಿಸಿದಳು, ತಣಿಸಿದಳು, ಆರಿದ ಮೇಲೆ ಒಳಗೂ ಹೊರಗೂ ಎಣ್ಣೆ ಸವರಿ ಮತ್ತೆ ಕಾಯಿಸಿದಳು. ಹೀಗೆ ಮಾಡಿದರೆ ಮಣ್ಣಿನ ಸಣ್ಣ ರಂಧ್ರಗಳೆಲ್ಲ ಗಂಜಿ, ಎಣ್ಣೆ ಕುಡಿದು ಮುಚ್ಚಿಕೊಳ್ಳುತ್ತವೆ, ಸಾರು ಸೋರುವುದಿಲ್ಲ. ಮೇಡಂ ಕೂಡ ಪಕ್ಕದಲ್ಲಿ ಕೂತು ಎಣ್ಣೆ ಬಟ್ಟೆ ಹಿಡಿದರು. ಅವರ ಅಜ್ಜಿಯೂ ಹೀಗೇ ಮಾಡುತ್ತಿದ್ದರಂತೆ.

“ಒಂದು ತೊಟ್ಟು ಆಚೆ ಬರಲ್ಲ ನೋಡಿ ಮೇಡಮ್ಮಾ, ನಿಮ್ಮ ಹುಳಗಳಿಗೆ ಅರಮನೆ ಇದು” ಅಂದಳು ಅಕ್ಕ. ಕೊಳೆನೀರು ಸೋರಿ ಹೊರಗಿನ ನೀರಿಗೆ ಬೆರೆತರೆ ಏನು ಮಾಡುವುದು ಎಂದು ಹೆದರಿದ್ದ ಮೇಡಂಗೆ ಬಹಳ ಸಮಾಧಾನವಾಯಿತು. ನನಗೂ ಆಯಿತು.

ಇನ್ನು ಕಟ್ಟುವ ಕೆಲಸ. ಗ್ರಾಫೈಟನ್ನು ಕೊಯ್ದು, ತೂತು ಕೊರೆದು, ಸ್ಟೀಲ್ ಬೋಲ್ಟು ಹಾಕಿ ವೈರು ಬಿಗಿದೆ. ತಾಮ್ರವನ್ನು ನೀರಿನ ಹತ್ತಿರ ಬಿಡಬೇಡಿ, ಹಸಿರು ಹತ್ತಿ ತಿಂದುಹೋಗುತ್ತದೆ. ಮಡಕೆಗೆ ಭತ್ತ ನೆನೆಸಿದ ನೀರು ತುಂಬಿಸಿದೆವು. ಬ್ಯಾಕ್ಟೀರಿಯಾಕ್ಕಾಗಿ ಗೊತ್ತಿದ್ದವರೊಬ್ಬರ ಗೋಬರ್ ಗ್ಯಾಸಿನ ಗುಂಡಿಯಿಂದ ಬಗ್ಗಡ ತಂದು ಬೆರೆಸಿದೆವು. ಗಾಳಿ ಕಾಣದ ಗುಂಡಿಯಲ್ಲಿ ಬದುಕಿ ಅಭ್ಯಾಸವಾದ ಜೀವಿಗಳೇ ಇದಕ್ಕೆ ಬೇಕು. ಬಾಯಿಗೆ ಟ್ಯೂಬಿನ ರಬ್ಬರು ಬಿಗಿದು, ಸಲಾಕೆ ಹೊರಬರುವ ಜಾಗಕ್ಕೆ ಮೇಣ ಹೊಯ್ದೆವು. ಚಪ್ಪರದ ಸಿಮೆಂಟು ಬಾನಿಗೆ ಉಪ್ಪುನೀರು ತುಂಬಿಸಿ ನಾಲ್ಕೂ ಮಡಕೆಗಳನ್ನು ಸಾಲಾಗಿ ಕೂರಿಸಿ, ಒಂದೊಂದರ ಪಕ್ಕಕ್ಕೂ ಒಂದು ಗ್ರಾಫೈಟ್ ಹಲಗೆ ಇಳಿಬಿಟ್ಟೆವು. ಮೂರು ದಿನಕ್ಕೆಲ್ಲ ಒಳಗಿನ ನೀರು ಹುಳಿಯಾಗಿ, ಮೇಡಂ ತಂದಿದ್ದ ಬಣ್ಣದ ಕಾಗದ ಕೆಂಪಗಾಯಿತು. ಹುಳಿಯಲ್ಲಿ ಈ ಜೀವಿಗಳು ಕೆಲಸ ಮಾಡುವುದಿಲ್ಲವಂತೆ. ಸುಣ್ಣದ ತಿಳಿನೀರು ಹಾಕುತ್ತ ಹೋದೆವು. ಮಡಕೆಯ ನೀರು ಮತ್ತೆ ಹದಕ್ಕೆ ಬಂತು.

ಒಂದು ಬೆಳಿಗ್ಗೆ ಮೀಟರ್ ಹಿಡಿದಾಗ ಒಂದೊಂದು ಮಡಕೆಯೂ ಅರ್ಧ ವೋಲ್ಟಿಗಿಂತ ಮೇಲೆ ತೋರಿಸಿತು. ನಾನು ಆ ಮುಳ್ಳನ್ನು ನೋಡುತ್ತ ನೋಡುತ್ತ ಬೀಡಿ ಹಚ್ಚುವುದನ್ನೇ ಮರೆತೆ. ಯಾವ ಕಾರ್ಖಾನೆಯಲ್ಲೂ ಮಾಡದ, ಯಾವ ಅಂಗಡಿಯಲ್ಲೂ ಸಿಗದ ಕರೆಂಟು, ಕೊಳೆತ ನೀರಿನಿಂದ ಬಂದು ನನ್ನ ಮೀಟರಿನ ಮುಳ್ಳನ್ನು ಎತ್ತುತ್ತಿತ್ತು. ನಾಲ್ಕನ್ನೂ ಒಂದರ ಹಿಂದೊಂದು ಜೋಡಿಸಿದೆವು. ನಾಲ್ಕು ಪಟ್ಟು ಬರಬೇಕಿತ್ತು. ಬಂದಿದ್ದು ಒಂದು ಮಡಕೆಯಷ್ಟೇ.

ಮೇಡಂ ಮುಖ ಬಾಡಿತು. ಈ ಕಾಯಿಲೆ ಮಾತ್ರ ನನ್ನ ಕಸುಬಿನದು, ನೋಡಿದ ತಕ್ಷಣ ಗೊತ್ತಾಯಿತು. ಲಾರಿ ಬ್ಯಾಟರಿಯಲ್ಲಿ ಒಂದೊಂದು ಸೆಲ್ಲಿಗೂ ಬೇರೆ ಬೇರೆ ಗೂಡು ಯಾಕೆ ಇರುತ್ತದೆ? ಎಲ್ಲಕ್ಕೂ ಒಂದೇ ನೀರಾದರೆ ಕರೆಂಟು ವೈರಿನಲ್ಲಿ ಹೋಗದೆ ನೀರಿನಲ್ಲೇ ಅಡ್ಡದಾರಿ ಹಿಡಿಯುತ್ತದೆ. ಅಂಗಡಿಯಿಂದ ಖಾಲಿ ಪೇಂಟ್ ಬಕೆಟ್‌ಗಳನ್ನು ತಂದು ಪ್ರತಿ ಮಡಕೆಯನ್ನೂ ಅದರ ಹಲಗೆಯ ಸಮೇತ ಉಪ್ಪುನೀರಿನ ಬೇರೆ ಬೇರೆ ಬಕೆಟ್ಟಿನಲ್ಲಿ ಕೂರಿಸಿದೆ. ವೋಲ್ಟು ಏಣಿ ಹತ್ತಿದ ಹಾಗೆ ಏರಿತು. ಯಜಮಾನರು ಕೂಡ ಬಂದು ಮೀಟರಿನಲ್ಲಿ ಇಣುಕಿ, ಪರವಾಗಿಲ್ಲ ಕಣಯ್ಯಾ ಅಂದರು.

ನಾನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಒಂದು ಹಳೇ ಗಡಿಯಾರದ ಯಂತ್ರವನ್ನು ಕಟ್ಟಿದೆ. ಸೆಕೆಂಡಿನ ಮುಳ್ಳು ಒಮ್ಮೆ ತುಯ್ದಿತು. ಮತ್ತೆ ತುಯ್ದಿತು. ಇದ್ದಲ್ಲೇ ನಡುಗಿತೇ ಹೊರತು ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಮೀಟರ್ ಹಿಡಿದರೆ ವೋಲ್ಟು ಪಾತಾಳಕ್ಕೆ ಇಳಿದಿತ್ತು. ಗಡಿಯಾರ ಬಿಚ್ಚಿದ ತಕ್ಷಣ ಮತ್ತೆ ಮೇಲೆ.

ಬ್ಯಾಟರಿ ಕೊಳ್ಳುವವರಿಗೆ ನಾನು ಯಾವಾಗಲೂ ಹೇಳುವ ಮಾತಿದು: ಬರೀ ಮೀಟರ್ ನಂಬಬೇಡಿ, ಭಾರ ಹೊರಿಸಿ ನೋಡಿ. ಸತ್ತ ಬ್ಯಾಟರಿಯೂ ಮೀಟರಿಗೆ ಹನ್ನೆರಡು ವೋಲ್ಟು ತೋರಿಸುತ್ತದೆ, ಸ್ಟಾರ್ಟರ್ ಒತ್ತಿದಾಗ ಕೈಯೆತ್ತುತ್ತದೆ. ನಮ್ಮ ಮಡಕೆಗಳೂ ಅದೇ ಜಾತಿಗೆ ಸೇರಿದ್ದವು. ಒಳಗೆ ಎಲ್ಲೋ ದಾರಿ ಇಕ್ಕಟ್ಟಾಗಿದೆ. ಎಲ್ಲಿ? ಮೇಡಂ ಬ್ಯಾಕ್ಟೀರಿಯಾ ಸಾಲದು ಅಂದರು, ಬಗ್ಗಡ ಹೆಚ್ಚಿಸಿದೆವು. ನಾನು ಬೋಲ್ಟು ಸಡಿಲ ಅಂದೆ, ಎಲ್ಲ ಬಿಚ್ಚಿ ಬಿಗಿದೆವು. ಉಪ್ಪು ಹೆಚ್ಚು ಮಾಡಿದೆವು. ಗ್ರಾಫೈಟ್ ದೊಡ್ಡದು ಮಾಡಿದೆವು. ಮುಳ್ಳು ನಡುಗುತ್ತಲೇ ಇತ್ತು. ಅಷ್ಟರಲ್ಲಿ ಗೈಡ್ ಬರುವ ವಾರ ಗೊತ್ತಾಯಿತು. ಮೇಡಂ ಬಸ್ಸಿಗೆ ಹೊರಟಾಗ ಒಂದು ಮಾತು ಹೇಳಿದರು, ಬೇರೆ ವಿಷಯದ ಬಗ್ಗೆ ಓದೋದಕ್ಕೆ ಶುರು ಮಾಡಿದ್ದೀನಿ ಅಂತ. ಅದು ನನಗೆ ಸರಿಬರಲಿಲ್ಲ. ನನ್ನ ವ್ಯಾಪಾರದಲ್ಲಿ ಎದುರಿನವನು ಎದ್ದು ಹೊರಟಾಗಲೇ ನಿಜವಾದ ಮಾತು ಶುರುವಾಗುವುದು.

ಮಾರನೆಯ ಮಧ್ಯಾಹ್ನ ಅಂಗಡಿಯಲ್ಲಿ ಕಾದ ತಗಡಿನ ಕೆಳಗೆ ಕೂತಿದ್ದೆ. ಕೊಸರಿಗೆ ಬಂದಿದ್ದ ಐದನೇ ಮಡಕೆಯನ್ನು ಅಂಗಡಿಯಲ್ಲಿ ಕುಡಿಯುವ ನೀರಿಗೆ ಇಟ್ಟಿದ್ದೆ. ನ್ಯೂಟೌನ್ ಕಡೆಯ ಲಾರಿ ಡ್ರೈವರ್ ಒಬ್ಬ, ತಮಿಳಿನವನು, ಬ್ಯಾಟರಿ ಮಾರಲು ಬಂದಿದ್ದ. ಅವನನ್ನು ಕೂರಿಸಿ, ಬೆಲೆ ಇಳಿಯಲಿ ಅಂತ ಒಂದು ಲೋಟ ನೀರು ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ.

“ಏನ್ ಸಾರ್, ಮಡಕೆ ತಣ್ಣಿ ಅಂತ ಲಾರಿ ರೇಡಿಯೇಟರ್ ನೀರು ಕೊಡ್ತೀರಾ? ಬೆಲೆ ಕಮ್ಮಿ ಕೇಳಿ, ಬೇಜಾರಿಲ್ಲ. ನೀರಾದ್ರೂ ತಣ್ಣಗೆ ಕೊಡಿ.”

ನನ್ನ ಮಡಕೆಗೆ ಯಾರಾದರೂ ಕೊಂಕು ಹೇಳಿದರೆ ಬಿಡುವವನಲ್ಲ ನಾನು. ಎದ್ದು ಹೋಗಿ ಮಡಕೆಯನ್ನು ತಟ್ಟಿ ಟಣ್ಣೆನ್ನಿಸಿದೆ. ಮಾರಾಯ, ಇಂಥ ಮಡಕೆ ಇಡೀ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದಿಲ್ಲ, ನೀರು ತುಂಬಿಸಿ ಎಷ್ಟು ದಿನವಾಯಿತು, ಕೆಳಗಿನ ಇಟ್ಟಿಗೆ ನೋಡು, ಒಂದು ತೊಟ್ಟು ಒದ್ದೆಯಾಗಿದೆಯಾ, ಮೈ ಮುಟ್ಟಿ ನೋಡು, ಒಣಗಿದ ರೊಟ್ಟಿ ಇದ್ದ ಹಾಗಿದೆ, ಎಂದು ಕೈಯಿಂದ ಅದರ ಹೊಟ್ಟೆ ಸವರುತ್ತ ಹೇಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದೆ.

ಮೈ ಒಣಗಿತ್ತು. ಮಡಕೆ ನೀರನ್ನು ತಂಪು ಮಾಡುವುದು ತಾನು ಬೆವತು. ಇದು ಬೆವರುತ್ತಿಲ್ಲ. ಅಕ್ಕ ಇದಕ್ಕೂ ಗಂಜಿ ಕುಡಿಸಿ, ಎಣ್ಣೆ ಸವರಿ ಮೈಮುಚ್ಚಿದ್ದಳು. ಒಳಗಿನದು ಹೊರಗೆ ಬರುವುದಕ್ಕೆ ಒಂದು ಸೂಜಿಮೊನೆಯಷ್ಟೂ ದಾರಿಯಿಲ್ಲ. ಹಾಗಾದರೆ ಮಿಲ್ಲಿನಲ್ಲಿರುವ ನಾಲ್ಕರಲ್ಲಿ ಮೇಡಂ ಹೇಳುವ ಆ ಕಣಗಳು ಯಾವ ದಾರಿಯಲ್ಲಿ ಹೋಗಬೇಕು? ಅಗಸೆ ಬಾಗಿಲಿಗೆ ಚಿಲಕ ಹಾಕಿ, ಊರಿಗೆ ಯಾರೂ ಬರುತ್ತಿಲ್ಲವಲ್ಲ ಅಂತ ನಾವು ಕಾಯುತ್ತಿದ್ದೆವು.

ಡ್ರೈವರ್ ಕೇಳಿದ ಬೆಲೆಯನ್ನೇ ಕೊಟ್ಟು ಕಳಿಸಿದೆ. ಅವನು ಹೋಗುತ್ತ ಎರಡು ಸಲ ತಿರುಗಿ ನೋಡಿದ.

ಎಸ್‌ಟಿಡಿ ಬೂತಿನಿಂದ ಮೇಡಂ ಮನೆಗೆ ಫೋನ್ ಮಾಡಿದೆ. ಮಡಕೆ ಬೆವರದ ವಿಷಯ ಹೇಳಿದೆ. ಕೇಳಿದ್ದೇ ಅವರಿಗೆ ನಗು ಬಂತು. ಲ್ಯಾಬಿನಲ್ಲಿ ಆ ಹಾಳೆಗೆ ಎಣ್ಣೆ ಕೈ ತಾಗದ ಹಾಗೆ ಗ್ಲೌಸ್ ಹಾಕಿಕೊಳ್ಳುತ್ತಿದ್ದೆ, ಇಲ್ಲಿ ನಾನೇ ಬಟ್ಟೆ ಹಿಡಿದು ಎಣ್ಣೆ ತಿಕ್ಕಿದೆನಲ್ಲ ಅಂದರು. ಅವರು ಲೆಕ್ಚರರ್, ನಾನು ಬ್ಯಾಟರಿಯವನು, ಮಡಕೆ ಅಂದ ತಕ್ಷಣ ಇಬ್ಬರ ತಲೆಗೂ ಅಡುಗೆಮನೆ ಬಂದುಬಿಟ್ಟಿತ್ತು.

ಆದರೆ ನಾನು ಮುಂದೆ ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಕುಂಸಿಯ ಆ ಒಸರುವ ಮಡಕೆಗಳನ್ನೇ ತರೋಣ, ನಾಲ್ಕನ್ನೂ ಬದಲಾಯಿಸೋಣ ಅಂದೆ. ಮೇಡಂ ಲೆಕ್ಕ ಬೇರೆಯೇ ಇತ್ತು. ಬ್ಯಾಕ್ಟೀರಿಯಾ ಬೆಳೆದು ಗ್ರಾಫೈಟಿಗೆ ಅಂಟಿಕೊಳ್ಳುವುದಕ್ಕೆ ವಾರಗಟ್ಟಲೆ ಬೇಕು. ಗೈಡ್ ಬರುವುದು ನಾಲ್ಕಾರು ದಿನದಲ್ಲಿ. ಈಗಿನ ಮಡಕೆಗಳಲ್ಲಿ ಕೊನೇ ಪಕ್ಷ ವೋಲ್ಟಾದರೂ ಇದೆ, ಮೀಟರ್ ತೋರಿಸಿ ಇನ್ನಷ್ಟು ಸಮಯ ಕೇಳಬಹುದು. ಬದಲಾಯಿಸಿ ಅದೂ ಸತ್ತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೇಲಾಗಿ ಒಸರುವ ಮಡಕೆಯಲ್ಲಿ ನೀರು ಹೊರಗೆ ಬಂದ ಹಾಗೆ ಗಾಳಿ ಒಳಗೆ ಹೋಗುತ್ತದೆ.

ನಾನು ಕೇಳಿದೆ, ಈ ಬ್ಯಾಕ್ಟೀರಿಯಾ ಮಡಕೆಯಲ್ಲಿ ಇವೆಯೋ ಗ್ರಾಫೈಟಿನ ಮೇಲೆಯೋ?



“ಲೋಳೆ,” ಅಂದರು. “ಸಲಾಕೆ ಮೇಲೆ ಹತ್ತಿರೋ ಲೋಳೆ. ಕೆಲಸ ಮಾಡೋವು ಅದರಲ್ಲೇ ಇರೋದು. ಮಡಕೆ ಬದಲಾಯಿಸಿದ್ರೂ ಸಲಾಕೆ ಅದೇ ಇರತ್ತೆ ಅಲ್ವಾ?”

“ಬಾಡಿಗೆದಾರ್ರು ಪಾತ್ರೆ ಪಗಡೆ ಸಮೇತ ಹೊಸಮನೆಗೆ ಹೋದ ಹಾಗೆ.”

“ನಾಳೆ ಬೆಳಿಗ್ಗೆ ಕುಂಸಿಗೆ ಹೋಗೋಣ. ನೀವು ಬರಲ್ಲ ಅಂದ್ರೆ ನಾನೊಬ್ಳೇ ಹೋಗ್ತೀನಿ.”

ಬೆಳಿಗ್ಗೆ ಶಿವಮೊಗ್ಗದ ಸವಳಂಗ ರಸ್ತೆಯ ಮೂಲೆಯಲ್ಲಿ ಅವರು ನನಗಿಂತ ಮೊದಲೇ ಬಂದು ನಿಂತಿದ್ದರು. ನನ್ನ ಲಗೇಜ್ ಆಟೋದಲ್ಲೇ ಕುಂಸಿಗೆ ಹೋದೆವು. ಕುಂಬಾರ ನಮ್ಮನ್ನು ನೋಡಿ, ಒಡೆದವೇ ಅಂದ. ಇಲ್ಲ, ಅವು ಬಲು ಗಟ್ಟಿ, ಅದಕ್ಕೇ ಬೇಡ, ನಿನ್ನ ಹತ್ತಿರ ಅತಿ ಕೆಟ್ಟದಾಗಿ ಒಸರುವುದು ಯಾವುದು ತೋರಿಸು ಅಂದೆ. ಅವನು ನನ್ನನ್ನು ಬಿಟ್ಟು ಮೇಡಂ ಮುಖ ನೋಡಿದ. ದೊಪ್ಪೆನ್ನುವ ಮಡಕೆಗಳನ್ನು ಆರಿಸಿ ಆರಿಸಿ ಇಟ್ಟಾಗ ನನ್ನ ಬೆರಳಿಗೇ ನಾಚಿಕೆಯಾಯಿತು. ಒಂದೊಂದಕ್ಕೂ ನೀರು ತುಂಬಿಸಿ ನೋಡಿದೆವು. ಮೈಯೆಲ್ಲ ಸಣ್ಣಗೆ ತೇವ ಕಾಣಬೇಕು, ಧಾರೆ ಕಟ್ಟಬಾರದು. ನೀವೂ ಮಾಡಲು ಹೊರಟರೆ ಈ ಅಳತೆ ನೆನಪಿಡಿ. ಹೊರಮೈ ಜ್ವರ ಬಿಟ್ಟವನ ಹಣೆಯ ಹಾಗಿದ್ದರೆ ಸರಿ, ಸ್ನಾನ ಮಾಡಿ ಬಂದವನ ಹಾಗಿದ್ದರೆ ಬೇಡ.

ಮಿಲ್ಲಿನಲ್ಲಿ ಮೇಡಂ ಆಪರೇಷನ್ ಮಾಡುವ ಡಾಕ್ಟರ ಹಾಗೆ ನಿಂತರು. ಹೊಸ ಮಡಕೆಗಳನ್ನು ಬಕೆಟ್‌ಗಳಲ್ಲಿ ಕೂರಿಸಿ, ಹಳೇ ಮಡಕೆಯ ನೀರನ್ನೇ ಅದಕ್ಕೆ ಸುರಿದು, ಸಲಾಕೆಯನ್ನು ಎತ್ತಿದ ಕೈಯಲ್ಲೇ ಒಳಗೆ ಇಳಿಸಬೇಕು. ಲೋಳೆ ಗಾಳಿಯಲ್ಲಿ ಹೆಚ್ಚು ಹೊತ್ತು ಇರಬಾರದು, ಯಾರ ಬೆರಳೂ ತಾಗಬಾರದು. ನೋಡಲು ಅಸಹ್ಯವಾಗಿದ್ದ ಆ ಕಂದು ಲೋಳೆಯನ್ನು ಯಜಮಾನರ ಆಳೊಬ್ಬ ತೊಳೆದುಕೊಡುತ್ತೇನೆ ಎಂದು ಮುಂದೆ ಬಂದ. ಮೇಡಂ ಎರಡೂ ಕೈ ಅಡ್ಡ ಹಿಡಿದರು. ಮೇಣ ಕಾಯಿಸಿ, ರಬ್ಬರು ಬಿಗಿದು, ವೈರು ಜೋಡಿಸಿದೆ. ಉಪ್ಪುನೀರಿನ ಮೇಲೆ ಕಾಣುತ್ತಿದ್ದ ಮಡಕೆಗಳ ಮೈ ಕಪ್ಪಗಾಗುತ್ತ ಬಂತು. ಒಳಗಿನ ತೇವ ಹೊರಗೆ ಬರುತ್ತಿತ್ತು.

ಅವತ್ತೇ ಕಟ್ಟುವ ಧೈರ್ಯವಾಗಲಿಲ್ಲ. ಒಂದು ದಿನ ಊಟ ಹಾಕಿ ಸುಮ್ಮನೆ ಬಿಟ್ಟೆವು. ಮಾರನೆಯ ದಿನ ಗಡಿಯಾರದ ಯಂತ್ರಕ್ಕೆ ವೈರು ತಾಗಿಸಿದೆ. ಮುಳ್ಳು ಒಮ್ಮೆ ತುಯ್ದಿತು. ಮುಂದಕ್ಕೆ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಮತ್ತೊಂದು. ಮೇಡಂ ನೆಲದ ಮೇಲೆ ಕೂತುಬಿಟ್ಟರು. ನಾವಿಬ್ಬರೂ ಆ ಮುಳ್ಳು ಪೂರಾ ಒಂದು ಸುತ್ತು ಬರುವುದನ್ನು ನೋಡಿದೆವು. ನನ್ನ ಕೈಯಲ್ಲಿ ಎಷ್ಟೋ ಸರಕು ಬಂದು ಹೋಗಿದೆ, ಲಾಭ ನೋಡಿ ಖುಷಿಪಟ್ಟಿದ್ದೇನೆ. ಅದರಲ್ಲಿ ಯಾವುದೂ ಆ ಒಂದು ಸುತ್ತಿಗೆ ಸಮವಲ್ಲ.

ಗೈಡ್ ಬಂದರು. ಬಿಳಿ ಅಂಗಿಯ ತೆಳ್ಳಗಿನ ಮನುಷ್ಯ, ಹೆಚ್ಚು ಮಾತಿಲ್ಲ. ಬಕೆಟ್ಟುಗಳ ಹಿಂದೆ, ಮೊಳೆಯ ಹಿಂದೆ, ಚಪ್ಪರದ ಮೇಲೆಲ್ಲ ನೋಡಿದರು. ಎಲ್ಲಾದರೂ ಸೆಲ್ ಬಚ್ಚಿಟ್ಟಿದ್ದೇವೆಯೋ ಅಂತ. ಅದು ಸರಿಯಾದ ಕ್ರಮ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಗಡಿಯಾರವನ್ನು ತಮ್ಮ ಕೈಗಡಿಯಾರಕ್ಕೆ ಸರಿಹೊಂದಿಸಿ, ಮುಳ್ಳು ತಿರುಗಿಸುವ ಗುಂಡಿಯ ಮೇಲೆ ಕಾಗದ ಅಂಟಿಸಿ, ಅದರ ಮೇಲೆ ಸಹಿ ಮಾಡಿ ತೂಗುಹಾಕಿದರು. ಬರ್ತೀನಮ್ಮ ಅಂತ ಅಷ್ಟೇ ಹೇಳಿ ಹೋದರು.

ಆ ವಾರದ ಕಷ್ಟವೆಂದರೆ ಮಡಕೆಯ ಬೆವರೇ. ಒಸರಿದಷ್ಟು ಒಳಗಿನ ಮಟ್ಟ ಇಳಿಯುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುತ್ತದೆ. ಹಾಗಾಗದ ಹಾಗೆ ಬೆಳಿಗ್ಗೆ, ಸಂಜೆ ಸಣ್ಣ ನಳಿಗೆಯಿಂದ ಹೊಸ ನೀರು ಇಳಿಸಬೇಕು. ನಡುವೆ ಮಿಲ್ಲಿನ ಭತ್ತ ಮುಗಿದು ನೆನೆಹಾಕುವ ಕೆಲಸ ನಿಂತಿತು. ಇದ್ದ ನೀರು ಹಳಸಿ ಸಾರ ಕಳೆದುಕೊಂಡಿತ್ತು. ಸೆಕೆಂಡಿನ ಮುಳ್ಳು ಹೆಜ್ಜೆಯಿಡುವಾಗ ಸ್ವಲ್ಪ ಅಳುಕಿದ ಹಾಗೆ ಮೇಡಂಗೆ ಕಂಡಿತು. ನಾನು ಯಜಮಾನರ ಹತ್ತಿರ ಹೋಗಿ, ಎರಡು ಮೂಟೆಯಾದರೂ ನೆನೆಹಾಕಿಸಿ ಅಂತ ಕೇಳಲು ಬಾಯಿ ತೆರೆದೆ. ದೊಡ್ಡ ಪೀಠಿಕೆಯನ್ನೇ ಸಿದ್ಧಮಾಡಿಕೊಂಡಿದ್ದೆ. ಅವರು ಕೈಯೆತ್ತಿ ನಿಲ್ಲಿಸಿದರು.

“ನಮ್ಮನೆಗೆ ಅಂತ ಇಟ್ಟಿದ್ದ ಭತ್ತ ನೆನೆಹಾಕ್ಸಿದೀನಿ ಕಣಯ್ಯಾ. ಮೂರು ದಿನದಿಂದ ಆಳುಗಳಿಗೆ ಊಟಕ್ಕೆ ಬಿಡೋದು ಆ ಗಡಿಯಾರ ನೋಡಿ. ಅದು ನಿಂತ್ರೆ ನನ್ನ ಮಾನ ಹೋಗತ್ತೆ.”

ಚೌಕಾಸಿಯಿಲ್ಲದೆ ಸಿಕ್ಕಿದ ಸರಕು ಅದೊಂದೇ.

ವಾರ ಕಳೆದು ಗೈಡ್ ಬಂದಾಗ ಚಪ್ಪರದ ನೆಲ ಒದ್ದೆಯಾಗಿತ್ತು, ಬಕೆಟ್ಟುಗಳ ಅಂಚಿನಲ್ಲಿ ಉಪ್ಪು ಕಟ್ಟಿತ್ತು, ವಾಸನೆಯಂತೂ ಇದ್ದೇ ಇತ್ತು. ಅವರು ಮೂಗು ಮುಚ್ಚಲಿಲ್ಲ. ಕಾಗದದ ಮೇಲಿನ ತಮ್ಮ ಸಹಿ ನೋಡಿದರು. ಕೈಗಡಿಯಾರವನ್ನು ಎತ್ತಿ ಗೋಡೆಯ ಗಡಿಯಾರದ ಪಕ್ಕ ಹಿಡಿದರು. ಎರಡರ ಸೆಕೆಂಡಿನ ಮುಳ್ಳುಗಳೂ ಬಹುತೇಕ ಜೊತೆಜೊತೆಗೇ ಮೇಲಕ್ಕೆ ಬಂದವು. ಅವರು ಒಂದು ವೈರನ್ನು ಕಿತ್ತರು. ಗಡಿಯಾರ ನಿಂತಿತು. ಮ‌ತ್ತೆ ತಾಗಿಸಿದರು. ನಡೆಯಿತು. ಇನ್ನೊಂದು ಸಲ ಕಿತ್ತು ಇನ್ನೊಂದು ಸಲ ತಾಗಿಸಿದರು. ಈ ಸಲ ಪರೀಕ್ಷೆ ಮಾಡುವುದಕ್ಕಲ್ಲ, ಅವರಿಗೆ ಆಸೆಯಾಗಿ ಮಾಡಿದರು ಅಂತ ನನಗೆ ಅನ್ನಿಸಿತು.

ಮಡಕೆಯ ಒದ್ದೆ ಮೈಯನ್ನು ಬೆರಳಿಂದ ಸವರಿ, ಇದು ಸೋರುತ್ತಿದೆಯಲ್ಲ ಅಂದರು. ಮೇಡಂ, ಅದಕ್ಕೇ ನಡೆಯುತ್ತಿದೆ ಸರ್ ಅಂದು, ಅಕ್ಕಚ್ಚು, ಎಣ್ಣೆ, ಡ್ರೈವರ್ ಕುಡಿದ ಬಿಸಿನೀರು ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಗೈಡ್ ಮೊದಲ ಸಲ ನಕ್ಕರು. ಪಳಗಿಸಿದ ಮಡಕೆಯ ಅಳತೆಗಳನ್ನೂ ಎಸೆಯಬೇಡಿ, ಎರಡನ್ನೂ ಎದುರುಬದುರು ಇಟ್ಟರೆ ಅದೇ ಒಂದು ಅಧ್ಯಾಯ ಅಂದರು. ವಿಷಯ ಬದಲಾಯಿಸುವ ಮಾತು ಇನ್ನು ಬೇಡ ಅಂತಲೂ ಹೇಳಿದರು.

ಮೇಡಂ ಗಡಿಯಾರವನ್ನು ಬಿಚ್ಚಿಕೊಡಲು ಹೋದರು. ಗೈಡ್ ಬೇಡ ಅಂದರು. ನಡೆಯುತ್ತಿರುವುದನ್ನು ಯಾಕೆ ನಿಲ್ಲಿಸುತ್ತೀರಿ, ನಮ್ಮ ಮನೆಗೆ ಬೇರೆ ಕೊಂಡರಾಯಿತು. ಬನ್ನಿ, ಶಿವಮೊಗ್ಗಕ್ಕೆ ಕಾರಿನಲ್ಲೇ ಬಿಡುತ್ತೇನೆ, ದಾರಿಯಲ್ಲಿ ಮುಂದಿನದು ಮಾತಾಡೋಣ, ಎಂದು ಕಾರಿನ ಕಡೆ ನಡೆದರು.

ಮೇಡಂ ಹೊರಡಲಿಲ್ಲ. ನಳಿಗೆ, ಚೊಂಬು ಕೈಗೆ ತೆಗೆದುಕೊಂಡು ಮೊದಲನೇ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಸರ್, ಒಂದ್ನಿಮಿಷ. ಇವಕ್ಕೆ ಊಟದ ಹೊತ್ತು.”

ಗೈಡ್ ಕಾರಿನ ಬಾಗಿಲು ತೆರೆದವರು ಹಾಗೇ ಮುಚ್ಚಿ, ವಾಪಸ್ ಬಂದು, ಪ್ಯಾಂಟು ಸ್ವಲ್ಪ ಮೇಲೆತ್ತಿಕೊಂಡು ಅವರ ಪಕ್ಕ ಕೂತು ಚೊಂಬು ಹಿಡಿದುಕೊಂಡರು.